ವಸ್ತಿ ಹುಳಿ, ವಯಾ ಮೊಗೆಕಾಯಿ

ನಮ್ಮ ಮನೆಯಲ್ಲಿ ಅನ್ನ ಬೇಯುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟರೊಳಗೆ ಏನಾದರೂ ಒಂದು ಪ್ರಸಂಗ ಆಗಿಯೇ ಆಗುತ್ತದೆ. ಬೇರೆಯವರ ಮನೆಯಲ್ಲಿ ಕುಕ್ಕರ್ ಮಾತ್ರ ಸಿಳ್ಳೆ ಹೊಡೆಯುತ್ತದೆ, ನಮ್ಮಲ್ಲಿ ನೋಡುತ್ತ ನಿಂತವರೂ ಹೊಡೆಯುತ್ತಾರೆ. ಅದರಲ್ಲೂ ನಾನು ಹತ್ತನೇ ಕ್ಲಾಸಿನ ಗಣಿತದಲ್ಲಿ ಡುಮ್ಕಿ ಹೊಡೆದ ವರ್ಷದ ಕಥೆ ಕೇಳಬೇಕು. ಆ ವರ್ಷ ಒಂದೂವರೆ ತಿಂಗಳು ನಮ್ಮ ಮನೆಯ ಅಡಿಗೆ ಮಾಡಿದವ ನಾನು. ನಗುವವರು ಈಗಲೇ ಒಂದು ಸುತ್ತು ನಕ್ಕು ಮುಗಿಸಿ. ಮುಂದೆ ನಗುವುದಕ್ಕೆ ಬೇರೆ ಕಾರಣಗಳಿವೆ.

ಆಗಿದ್ದು ಇಷ್ಟು. ಯಲ್ಲಾಪುರಕ್ಕೆ ಕೊಟ್ಟ ನಮ್ಮಕ್ಕನಿಗೆ ಚೊಚ್ಚಲ ಹೆರಿಗೆ. ರೂಢಿಯ ಪ್ರಕಾರ ಅವಳು ಶಿರಸಿ ಪಕ್ಕದ ಇಸಳೂರಿನ ನಮ್ಮ ಮನೆಗೆ ಬರಬೇಕು. ಆದರೆ ಡಾಕ್ಟರು, "ಬಸ್ಸೂ ಬೇಡ, ಜೀಪೂ ಬೇಡ, ಇದ್ದಲ್ಲೇ ಇರಲಿ" ಅಂದುಬಿಟ್ಟರು. ಅಕ್ಕನ ಅತ್ತೆಗೆ ಮೊಣಕಾಲು ನೋವು, ಕೂತರೆ ಎಬ್ಬಿಸುವುದಕ್ಕೆ ಇಬ್ಬರು ಬೇಕು. ಹಾಗಾಗಿ ಬಾಣಂತನಕ್ಕೆ ಆಯಿಯೇ ಅಲ್ಲಿಗೆ ಹೋಗುವುದು ಅಂತಾಯಿತು. ಆಯಿ ಅಂದರೆ ನಮ್ಮ ತಾಯಿ. ಮದುವೆಯಾಗಿ ಬಂದ ಮೇಲೆ ಅವಳು ಒಂದು ವಾರಕ್ಕಿಂತ ಹೆಚ್ಚು ಮನೆ ಬಿಟ್ಟವಳೇ ಅಲ್ಲ.

ಅಜ್ಜಿ ಎಲೆಅಡಿಕೆ ಹಾಕಿಕೊಳ್ಳುತ್ತ ಭವಿಷ್ಯ ನುಡಿದಳು: "ಎಂಟು ದಿನ. ಎಂಟೇ ದಿನಕ್ಕೆ ಇಲ್ಲಿ ಒಲೆ ಆರ್ತು, ನಿನ್ನ ಆಯಿ ವಾಪಸ್ ಬತ್ತು. ಬರೆದಿಟ್ಕ."

ಆಯಿಯ ಹೆದರಿಕೆಯೂ ಅದೇ. ಅವಳು ನಡುವೆ ಎದ್ದು ಬಂದರೆ ಅಕ್ಕ ಹಸಿಗೂಸು ಹಿಡಿದುಕೊಂಡು ಅಲ್ಲಿ ಒಬ್ಬಳೇ. ಅಂದಮೇಲೆ ನಮ್ಮ ಕೆಲಸ ಒಂದೇ: ಮನೆಯಲ್ಲಿ ಏನೇ ಆಗಲಿ, ಆಯಿ ಎದ್ದು ಬರುವ ಹಾಗೆ ಆಗಬಾರದು.

ಡ್ರೈವರ್ ಇಲ್ಲದ ಬಸ್ಸು

ಅಪ್ಪಯ್ಯ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಊರಿನ ಮೇಲೆ ಹಾದು ಎಲ್ಲಿಗೆ ಹೋಗುತ್ತದೆ ಅಂತ ಮೈಕಿನಲ್ಲಿ ಕೂಗುವುದು ಅವನ ಕೆಲಸ. ಜಗತ್ತಿನಲ್ಲಿ ಟೈಮ್ ಟೇಬಲ್ ಹಾಕಿದರೆ ಬಗೆಹರಿಯದ ತಾಪತ್ರಯವೇ ಇಲ್ಲ ಅಂತ ನಂಬಿದವ. ಒಂದು ಭಾನುವಾರ ನೆಲದ ಮೇಲೆ ಡ್ರಾಯಿಂಗ್ ಶೀಟು ಹಾಸಿ, ಕೆಂಪು ನೀಲಿ ಪೆನ್ನು ಹಿಡಿದು, ಆಯಿ ಇಲ್ಲದಷ್ಟೂ ದಿನದ ಅಡಿಗೆಯನ್ನು ಬಸ್ಸಿನ ಹಾಗೆ ಓಡಿಸಿಯೇಬಿಟ್ಟ.

ಬೆಳಿಗ್ಗೆಯ ತಿಂಡಿಗೆ 'ಮೊದಲ ಟ್ರಿಪ್' ಅಂತ ಹೆಸರು. ಮಧ್ಯಾಹ್ನದ್ದು 'ಹುಳಿ, ವಯಾ ತೊಗರಿಬೇಳೆ'. ಕುದಿಸುವ ರಗಳೆ ಇಲ್ಲದ ತಂಬುಳಿ 'ಎಕ್ಸ್‌ಪ್ರೆಸ್'. ಎಲ್ಲಕ್ಕಿಂತ ಚೆಂದ ಅನಿಸಿದ್ದು 'ವಸ್ತಿ'. ಸಂಜೆ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ಉಳಿದು ಬೆಳಗಾಗುತ್ತಲೇ ಹೊರಡುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಅನ್ನುತ್ತಾರೆ. ಅದೇ ಲೆಕ್ಕದಲ್ಲಿ ರಾತ್ರಿ ಮಿಕ್ಕ ಹುಳಿ 'ವಸ್ತಿ ಹುಳಿ'. ಪಾತ್ರೆಯಲ್ಲೇ ತಂಗಿದ್ದು, ಬೆಳಿಗ್ಗೆ ದೋಸೆಯ ಜೊತೆ ಮೊದಲ ಟ್ರಿಪ್ಪಿಗೆ ಹೊರಡತಕ್ಕದ್ದು.

ಅಜ್ಜಿ ಕನ್ನಡಕ ಏರಿಸಿಕೊಂಡು ಶೀಟಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಇದರಲ್ಲಿ ಏಕಾದಶಿ ಎಲ್ಲಿದ್ದು?"

"ಅವತ್ತು ಮುಷ್ಕರ," ಅಂದ ಅಪ್ಪಯ್ಯ.

"ಮುಷ್ಕರಕ್ಕೂ ಅವಲಕ್ಕಿ ಬೇಕು. ಬರಿ."

ಅಪ್ಪಯ್ಯ ಬರೆದ. ಕೊನೆಗೆ ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಿಂತಲ್ಲೇ ಇಡೀ ಶೀಟು ಓದಿದಳು. "ಬಸ್ಸು ಇದ್ದು, ಟೈಮ್ ಇದ್ದು, ರೂಟೂ ಇದ್ದು. ಡ್ರೈವರ್ ಯಾರು?"

ಅಪ್ಪಯ್ಯನಿಗೆ ಡ್ಯೂಟಿ. ಅಜ್ಜಿಗೆ ಒಲೆಯ ಮುಂದೆ ನಿಂತರೆ ತಲೆ ಸುತ್ತು. ನಿಧಾನಕ್ಕೆ ಮೂವರೂ ತಿರುಗಿ, ಕಿಟಕಿಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ ನನ್ನನ್ನು ನೋಡಿದರು.

"ಅಂವನಾ? ಅಂವ ಫೇಲಾದವ!" ಅಂದಳು ಅಜ್ಜಿ.

ನಾನು ಸಿಪ್ಪೆ ಕೊಡವಿಕೊಂಡು ಕೆಳಗಿಳಿದೆ. "ಅಜ್ಜಿ, ಆನು ಫೇಲಾಗಿದ್ದು ಗಣಿತಕ್ಕೆ. ಗಂಜಿಗಲ್ಲ."

ಮೂವರು ಕಂಡಕ್ಟರು

ವಾರಗಟ್ಟಲೆಗೆ ಆಗುವಷ್ಟು ತರಕಾರಿ ತಂದಿಡಬೇಕು, ಫ್ರಿಜ್ಜಿಲ್ಲ. ಸಂತೆಯಿಂದ ತಂದ ಟೊಮೆಟೊ ನಾಲ್ಕು ದಿನಕ್ಕೆ ಕಣ್ಣೀರು ಹಾಕುತ್ತದೆ. ಬೆಂಡೆಕಾಯಿ ಕಟ್ಟಿಗೆಯಾಗುತ್ತದೆ. ಅಪ್ಪಯ್ಯ ಯೋಚನೆ ಮಾಡಿ ಮಾಡಿ ಮೊಗೆಕಾಯಿಗೆ ಬಂದು ನಿಂತ. ಮೊಗೆಕಾಯಿ ಅಂದರೆ ಆ ಹಳದಿ ಬಣ್ಣದ, ದಪ್ಪ ಸಾಂಬಾರು ಸೌತೆ. ಬಾಳೆಪಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ಮಳೆಗಾಲ ಪೂರ್ತಿ ಕೆಡುವುದಿಲ್ಲ. ನಿಲ್ಕುಂದದಲ್ಲಿರುವ ಮಾವ, ಆಯಿಯ ಅಣ್ಣ, ಗದ್ದೆಯಲ್ಲಿ ಅದನ್ನೇ ಬೆಳೆದಿದ್ದ.

ನಿಲ್ಕುಂದದ ಫೋನು ಗಾಳಿಗೆ ಸತ್ತು ಮಲಗಿತ್ತು. ಹಾಗಾಗಿ ಅಪ್ಪಯ್ಯ ಆ ಕಡೆ ಹೋಗುವ ಕಂಡಕ್ಟರಿಗೆ ಬಾಯಲ್ಲೇ ಹೇಳಿ ಕಳಿಸಿದ: "ನಮ್ಮ ಭಾವಂಗೆ ಹೇಳು ಮಾರಾಯ, ಒಂದು ಚೀಲ ಮೊಗೆಕಾಯಿ ಬಸ್ಸಿಗೆ ಹಾಕಲಿ."

"ಆತ್ರಿ ಸಾಹೇಬ್ರ."

ಆ ಕಂಡಕ್ಟರ್ ಮರೆಗುಳಿ ಅಂತ ಅಪ್ಪಯ್ಯನಿಗೆ ಒಳಗೊಳಗೇ ಅನುಮಾನ. ಅದಕ್ಕೇ ಇನ್ನೊಂದು ಬಸ್ಸಿನ ಕಂಡಕ್ಟರಿಗೂ ಹೇಳಿದ. ಇವನೂ ಮರೆತರೆ? ಮೂರನೆಯವನಿಗೂ ಹೇಳಿದ. ಮೂವರಲ್ಲಿ ಒಬ್ಬನಿಗಾದರೂ ನೆನಪಿರುತ್ತದೆ ಅನ್ನುವುದು ಅವನ ಲೆಕ್ಕ.

ಮೂವರೂ ಮರೆಯಲಿಲ್ಲ.

ಮೊದಲ ದಿನ ಒಂದು ಚೀಲ ಬಂತು. ಅಪ್ಪಯ್ಯ ಖುಷಿಯಾದ. ಮರುದಿನ ಇನ್ನೊಂದು ಬಂತು. ಅಪ್ಪಯ್ಯ ಗಂಭೀರನಾದ. ಅದರ ಮರುದಿನ ಬಂದ ಚೀಲವನ್ನು ಇಳಿಸುವುದಕ್ಕೆ ಕ್ಲೀನರೂ ಕೈ ಹಾಕಬೇಕಾಯಿತು. ಕಂಡಕ್ಟರ್ ಎದೆ ಉಬ್ಬಿಸಿಕೊಂಡು, "ನೀವ್ ಹೇಳಿದ್ದು ನಾ ಮರಿತೇನ್ರಿ ಸಾಹೇಬ್ರ? ಹಾಂ, ನಿಮ್ಮ ಭಾವ್ನೋರು ಒಂದ್ ಮಾತು ಕೇಳಿಕೊಂಡು ಬಾ ಅಂದಾರ್ರಿ."

"ಏನು?"

"ಹೊಸಾ ಹೋಟ್ಲಿನ ಪೂಜಿ ಯಾವತ್ತಂತ?"

ಅವತ್ತಿನಿಂದ ನಮ್ಮ ಟೈಮ್ ಟೇಬಲ್ಲಿಗೆ ತಿದ್ದುಪಡಿ ಬಂತು. ಹುಳಿ, ವಯಾ ಮೊಗೆಕಾಯಿ. ಪಲ್ಯ, ವಯಾ ಮೊಗೆಕಾಯಿ. ತುರಿದು ಅಕ್ಕಿಹಿಟ್ಟಿಗೆ ಕಲಸಿದರೆ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ. ಬೀಜ ಅರೆದರೆ ಸಾರು. ಸಿಪ್ಪೆ ಹುರಿದರೆ ಚಟ್ನಿ. ಒಂದು ಮೊಗೆಕಾಯಿ ನಮ್ಮ ಮನೆ ಹೊಕ್ಕರೆ ಅದರ ತೊಟ್ಟು ಮಾತ್ರ ಜೀವಸಹಿತ ಹೊರಗೆ ಹೋಗುತ್ತಿತ್ತು. ನನ್ನ ಮೊದಮೊದಲ ತೆಳ್ಳೇವು ಬೆಡ್‌ಶೀಟಿನ ಹಾಗೆ ಮಡಚಿಕೊಂಡು ಬರುತ್ತಿದ್ದವು ನಿಜ. ಆದರೆ ಒಂದು ವಾರ ಕಳೆಯುವುದರೊಳಗೆ ಕಾವಲಿಯ ಮೇಲೆ ಹಿಟ್ಟು ಎಳೆದರೆ ಆಚೆ ಕಡೆಯ ಕಪ್ಪು ಕಾಣಬೇಕು, ಅಷ್ಟು ತೆಳು ಬಂತು. ಅಜ್ಜಿ ಬಾಯಿಬಿಟ್ಟು ಹೊಗಳುವವಳಲ್ಲ. "ಉಪ್ಪು ಸರಿ ಇದ್ದು" ಅಂದಳು. ನಮ್ಮ ಮನೆಯಲ್ಲಿ ಅದು ರಾಜ್ಯ ಪ್ರಶಸ್ತಿ.

ಅಂದಹಾಗೆ ಅಜ್ಜಿ ಹೇಳಿದ ಎಂಟನೇ ದಿನವೂ ಬಂತು. ಒಲೆ ಉರಿಯುತ್ತಿತ್ತು. ನಾನು ಕ್ಯಾಲೆಂಡರ್ ತೋರಿಸಿದೆ. ಅಜ್ಜಿ ಕನ್ನಡಕ ಕಾಣುತ್ತಿಲ್ಲ ಅಂದಳು. ಕನ್ನಡಕ ಮೂಗಿನ ಮೇಲೇ ಇತ್ತು.

ಸ್ಪರ್ಶಕ

ಮೂರು ಚೀಲ ಮೊಗೆಕಾಯಿ ನೇತುಹಾಕುವುದೆಲ್ಲಿ? ಹಳೇ ಮನೆಗಳಲ್ಲಾದರೆ ಮಾಡಿನ ಪಕಾಸಿಗೆ, ಅಂದರೆ ಹೆಂಚಿನ ಕೆಳಗಿನ ಮರದ ಪಟ್ಟಿಗೆ, ಕಟ್ಟುತ್ತಾರೆ. ನಮ್ಮದು ಇಸಳೂರಿನ ಹೊಸ ಆರ್.ಸಿ.ಸಿ. ಮನೆ. ತಲೆಯ ಮೇಲೆ ಸಪಾಟು ಸಿಮೆಂಟು, ಒಂದು ಮೊಳೆಗೂ ಜಾಗ ಇಲ್ಲ. ಇದ್ದದ್ದೆಂದರೆ ಹಾಲಿನ ನಡುವೆ ಒಂದು ಫ್ಯಾನು. ವೋಲ್ಟೇಜ್ ಇಲ್ಲದೆ ಅದು ಬೇಸಿಗೆಯಿಡೀ ಒಂದು ಸುತ್ತೂ ತಿರುಗಿರಲಿಲ್ಲ. "ಅದು ಸುಟ್ಟು ಹೋಜು" ಅಂತ ಅಪ್ಪಯ್ಯ ತೀರ್ಪು ಕೊಟ್ಟಿದ್ದ. ಸತ್ತ ಫ್ಯಾನಿನ ಮೂರು ರೆಕ್ಕೆಗೂ ಬಾಳೆಪಟ್ಟೆ ಬಿಗಿದು, ಹಿಡಿಯುವಷ್ಟು ಮೊಗೆಕಾಯಿ ಇಳಿಬಿಟ್ಟೆವು. ಉಳಿದವು ಮಂಚದ ಕೆಳಗೆ. ಹಾಲು ಮದುವೆ ಚಪ್ಪರದ ಹಾಗೆ ಕಾಣುತ್ತಿತ್ತು.

ಮಳೆ ಹಿಡಿಯುವ ಮುಂಚಿನ ಗಾಳಿಗೆ ಕಂಬ ಬಿದ್ದು ಕರೆಂಟು ಹೋಯಿತು. ಅದು ಬರುವ ಮೊದಲು ನಮ್ಮ ಗಣಿತದ ಸರ್ ಬಂದರು. ಹಾವೇರಿ ಕಡೆಯವರು, ಬಹಳ ಒಳ್ಳೆಯವರು, ಅವರ ದುರದೃಷ್ಟಕ್ಕೆ ನಾನು ಅವರ ಶಿಷ್ಯ. ನೇರ ಬಂದು ಹಾಲಿನ ನಡುವಿನ ಕುರ್ಚಿಯಲ್ಲಿ ಕೂತರು.

"ಏನಪಾ, ಮತ್ತ ಪರೀಕ್ಷಾ ಕಟ್ತೀ ಇಲ್ಲೋ?"

"ನೋಡ್ತೇನೆ ಸರ್. ಈಗ ಅಡಿಗೆ ಇದೆ."

"ಅಡಿಗಿ ಎಲ್ಲಾರೂ ಮಾಡ್ತಾರ. ವೃತ್ತದ ಮ್ಯಾಲಿಂದು ಒಂದ್ ಪ್ರಮೇಯ ಬರೆದಿದ್ರ ನೀ ಪಾಸಾಗ್ತಿದ್ದಿ. ಸ್ಪರ್ಶಕ ಅಂದ್ರ ಏನಂತ ಹೇಳು ನೋಡೋಣು?"

ನಾನು ತಲೆ ಕೆರೆದುಕೊಂಡು ಮೇಲೆ ನೋಡಿದೆ. ಸರಿಯಾಗಿ ಆಗ ಕರೆಂಟು ಬಂತು. ನಮ್ಮ ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರಂತೆ, ನಮಗೇನು ಗೊತ್ತು? ಬೇಸಿಗೆಯಲ್ಲಿ ಒತ್ತಿದ ಸ್ವಿಚ್ಚು ಒತ್ತಿದ ಹಾಗೇ ಇತ್ತು. ಸತ್ತ ಫ್ಯಾನು ಗೊರ್ ಅಂತ ಗಂಟಲು ಸರಿಮಾಡಿಕೊಂಡಿತು. ಮೊದಲು ಗಾಣದ ಎತ್ತಿನ ಹಾಗೆ ಒಂದು ಸುತ್ತು, ಆಮೇಲೆ ತೊಟ್ಟಿಲಿನ ಹಾಗೆ ಇನ್ನೊಂದು. ಮೊಗೆಕಾಯಿಗಳೆಲ್ಲ ಮೆಲ್ಲಗೆ ಹೊರಚಾಚಿ ಅಡ್ಡಡ್ಡ ತೇಲತೊಡಗಿದವು. ಸರ್ ಕತ್ತು ಎತ್ತಿ ನೋಡುತ್ತಲೇ ಇದ್ದರು. ಆಮೇಲೆ ಒಂದು ಪಟ್ಟೆ ಹರಿಯಿತು.

ಆ ಮೊಗೆಕಾಯಿ ನೆಟ್ಟಗೆ ಹೊರಟು ಅಜ್ಜಿಯ ರೇಡಿಯೋ ಕೆಡವಿತು. ಎರಡನೆಯದು ಬಾಗಿಲಿನಾಚೆ ಹೋಗಿ ತುಳಸಿಕಟ್ಟೆ ಸೇರಿತು. ಸರ್ ಕುರ್ಚಿಯ ಕೆಳಗೆ, ನಾನು ಸರ್ ಕೆಳಗೆ. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ತಲೆಯ ಮೇಲೆ ಬಾಣಲೆ ಹಿಡಿದುಕೊಂಡು, "ಸ್ವಿಚ್ಚಾ! ಸ್ವಿಚ್ಚು!" ಅಂತ ಕೂಗಿದಳು. ನಾನು ತೆವಳಿಕೊಂಡು ಹೋಗಿ ಆರಿಸಿದೆ.

ಸದ್ದು ನಿಂತ ಮೇಲೆ ಸರ್ ಧೂಳು ಕೊಡವಿಕೊಂಡು ಎದ್ದರು. ಒಡೆದು ಬಿದ್ದ ಮೊಗೆಕಾಯಿಯನ್ನು ನೋಡಿದರು, ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು.

"ಸುತ್ತು ಬಿಟ್ಟು ನೆಟ್ಟಗ ಹ್ವಾತಲ್ಲ, ಆ ದಾರಿಗೇ ಸ್ಪರ್ಶಕ ಅಂತಾರ. ತಿಳೀತೇನು?"

"ತಿಳಿಯಿತು ಸರ್. ಪರೀಕ್ಷೆ ಹಾಲಿನಲ್ಲೂ ಒಂದು ಫ್ಯಾನು ತಿರುಗುತ್ತಿತ್ತು. ಮೊಗೆಕಾಯಿ ಕಟ್ಟಿರಲಿಲ್ಲ, ಅದಕ್ಕೇ ಫೇಲಾದೆ."

ಫೋನಿಗೆ ಬಿದ್ದ ಒಗ್ಗರಣೆ

ಆಯಿ ದಿನಾ ಫೋನು ಮಾಡುತ್ತಿದ್ದಳು. ಮನೆಗೆ ಫೋನು ಬಂದ ಹೊಸತು. ಅದಕ್ಕೊಂದು ಮೇಜು, ಮೇಜಿಗೊಂದು ಕಸೂತಿ ಬಟ್ಟೆ, ಅಡಿಗೆಮನೆಯ ತನಕ ಬರುವಷ್ಟು ಉದ್ದದ ವಯರು. "ಇವತ್ತು ಎಂತ ಅಡಿಗೆ?" ಅಂತ ಅವಳು ಕೇಳಿದರೆ ನಾನು ಗೋಡೆಯ ಮೇಲಿನ ಹಳೇ ಟೈಮ್ ಟೇಬಲ್ ನೋಡಿ ಓದುತ್ತಿದ್ದೆ. "ಬೀನ್ಸ್ ಪಲ್ಯ, ತೊಗರಿಬೇಳೆ ಹುಳಿ." ತಟ್ಟೆಯಲ್ಲಿ ಇರುತ್ತಿದ್ದದ್ದು ಮೊಗೆಕಾಯಿ. ದಿನವೂ ಅದೇ ಅಂತ ಗೊತ್ತಾದರೆ ಆಯಿಗೆ ಅಲ್ಲಿ ತುತ್ತು ಇಳಿಯುವುದಿಲ್ಲ, ಮರುದಿನದ ಬಸ್ಸಿಗೇ ಬರುತ್ತಾಳೆ. ಅದಕ್ಕೇ ಈ ಬೀನ್ಸು.

ಆದರೆ ಆಯಿಗೆ ಏನೋ ವಾಸನೆ ಬಡಿಯಿತು. ಒಂದು ದಿನ, "ಒಗ್ಗರಣೆ ಹಾಕಿದ್ಯಾ?" ಅಂದಳು.

"ಈಗ ಹಾಕ್ತಾ ಇದ್ದೆ."

"ಹಾಂಗಾದ್ರೆ ಫೋನು ಒಲೆ ಹತ್ರ ಹಿಡಿ. ಯಂಗೆ ಕೇಳವು."

ಒಲೆಯ ಮೇಲೆ ಏನೂ ಇರಲಿಲ್ಲ. ವಸ್ತಿ ಹುಳಿಯಲ್ಲೇ ಮಧ್ಯಾಹ್ನ ಕಳೆಯುವುದು ಅಂತ ನಾನೂ ಅಜ್ಜಿಯೂ ಒಪ್ಪಂದಕ್ಕೆ ಬಂದಿದ್ದೆವು. ತಕ್ಷಣ ಕಾವಲಿ ಕಾಯಿಸಿ, ಫೋನು ಹತ್ತಿರ ಹಿಡಿದು, ಒಂದು ಸೌಟು ನೀರು ಸುರಿದೆ. ಚೊಂಯ್! ಎಂಥ ಸದ್ದು ಅಂತೀರಿ! ಅಜ್ಜಿಯೇ ಮೆಚ್ಚಿ ತಲೆದೂಗಿದಳು.

ಆ ಕಡೆಯಿಂದ ಆಯಿಯ ದನಿ: "ಸಾಸಿವೆ ಸಿಡಿದ್ದಿಲ್ಲೆ. ಅದು ನೀರು. ನಿಂಗ ಊಟ ಮಾಡ್ತಾ ಇದ್ರಾ, ಉಪವಾಸ ಇದ್ರಾ? ಆನು ನಾಳೆ ಬಸ್ಸಿಗೆ ಬತ್ತೆ."

ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಿರಬೇಕು. ಹಿಂದೆ ಕೂಸು ಅಳುವ ಸದ್ದು. "ತಮಾ," ಅಂದಳು, ದನಿ ಬಹಳ ಸಣ್ಣಗಿತ್ತು, "ಆಯಿ ಇಲ್ಲಿದ್ದು ಹೇಳೇ ಆನು ರಾತ್ರೆ ಕಣ್ಣು ಮುಚ್ಚತಾ ಇದ್ದೆ. ಎಂತಾರೂ ಮಾಡಾ."

ನಾನು ಮತ್ತೆ ತಮಾಷೆ ಮಾಡಲಿಲ್ಲ. "ಆಯಿಗೆ ಫೋನು ಇಡಡ ಹೇಳು" ಅಂದು, ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ನಿಜವಾದ ಬಾಣಲೆ ಇಟ್ಟೆ. ನಿಜವಾದ ಎಣ್ಣೆ ಹಾಕಿದೆ. ಆಯಿ ಯಲ್ಲಾಪುರದಿಂದ ಹೇಳುತ್ತ ಹೋದಳು, ನಾನು ಇಸಳೂರಿನಲ್ಲಿ ಮಾಡುತ್ತ ಹೋದೆ. "ಎಣ್ಣೆ ಕಾದ್ದಾ? ಈಗ ಸಾಸಿವೆ." ಚಟಪಟ ಅಂದಿತು. "ಹಾಂ. ಇದು ಸಾಸಿವೆ. ಉರಿ ಸಣ್ಣ ಮಾಡು. ಈಗ ಇಂಗು. ಕರಿಬೇವು ಹಾಕಿ ಹಿಂದೆ ಸರಿ." ನಾನು ಹಿಂದೆ ಸರಿದೆ, ಫೋನು ಸರಿಯಲಿಲ್ಲ. ಅರ್ಧ ಒಗ್ಗರಣೆ ಹುಳಿಗೆ, ಅರ್ಧ ರಿಸೀವರಿಗೆ.

"ಈಗ ಸಮಾ ಆತು," ಅಂದಳು ಆಯಿ. ದನಿಯಲ್ಲಿ ನಗು ಇತ್ತು. ನಾಳೆಯ ಬಸ್ಸಿನ ಮಾತು ಅಲ್ಲಿಗೆ ಬಿಟ್ಟಳು.

ಅವತ್ತಿನಿಂದ ನಮ್ಮ ಫೋನಿಗೆ ಇಂಗಿನ ಪರಿಮಳ. ರಾಂಗ್ ನಂಬರ್ ಬಂದು ಎತ್ತಿದರೂ ಹಸಿವಾಗುತ್ತದೆ.

ಎರಡು ಡಬ್ಬಿ

ನಡುವೆ ಕೆಲವು ದಿನ ಅಪ್ಪಯ್ಯನನ್ನು ಸಿದ್ದಾಪುರದ ಬಸ್ ಸ್ಟ್ಯಾಂಡಿಗೆ ಹಾಕಿದರು. ನಾನೂ ಒಂದು ದಿನ ಜೊತೆಗೆ ಹೋದೆ. ದೋಸೆಗೆ ಹಚ್ಚಿಕೊಳ್ಳುವ ಜೋನಿಬೆಲ್ಲ, ಅಂದರೆ ಜೇನಿನ ಹಾಗೆ ಹರಿಯುವ ಕಪ್ಪು ಬೆಲ್ಲ, ಆಯಿ ಬರುವವರೆಗೆ ಆಗುವಷ್ಟು ಒಂದೇ ಡಬ್ಬಿಯಲ್ಲಿ ತುಂಬಿಸಿಕೊಂಡು ವಾಪಸ್ ಬಸ್ಸು ಹತ್ತಿದೆ. ಡಬ್ಬಿಯನ್ನು ಸೀಟಿನ ಕೆಳಗೆ ದೂಡಿದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ರೈತರೂ ತಮ್ಮ ಡಬ್ಬಿಯನ್ನು ಅಲ್ಲೇ ದೂಡಿದರು. ತಿರುವುಗಳಲ್ಲಿ ಎರಡೂ ಡಬ್ಬಿ ಪರಸ್ಪರ ಪರಿಚಯ ಮಾಡಿಕೊಂಡವು.

ಮನೆಗೆ ಬಂದು ತೆಳ್ಳೇವು ಬಡಿಸಿದೆ. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದವಳೇ ಮೂಗು ಮುಚ್ಚಿಕೊಂಡಳು. "ಇದು ದೋಸೆಗಲ್ಲ ಮಾಣಿ, ಬಾಗಿಲಿಗೆ."

ಅದು ಗೇರೆಣ್ಣೆ. ಹುಳ ಹಿಡಿಯದ ಹಾಗೆ ಮರಕ್ಕೆ ಬಳಿಯುತ್ತಾರಲ್ಲ, ಆ ಕಪ್ಪೆಣ್ಣೆ. ನಾಲಿಗೆಗೆ ತಾಗಿದ್ದರೆ ನಾಲಿಗೆಯ ತೊಗಲು ಏಳುತ್ತಿತ್ತು. ಡಬ್ಬಿಯನ್ನು ಹೊರಗಿಟ್ಟು ಖಾಲಿ ತೆಳ್ಳೇವು ತಿಂದೆವು. ಅವತ್ತು ಫೋನಿನಲ್ಲಿ ಆಯಿ, "ಬೆಲ್ಲ ಇದ್ದಾ?" ಅಂತ ಕೇಳಿದಳು. "ಇದ್ದು" ಅಂದೆ. ಸುಳ್ಳೇನಲ್ಲ. ಎಲ್ಲಿದೆ ಅಂತ ಅವಳು ಕೇಳಲಿಲ್ಲ.

ಎಲ್ಲಿದೆ ಅಂತ ಒಂದು ವಾರದ ಮೇಲೆ ಗೊತ್ತಾಯಿತು. ನಮ್ಮ ಕಡೆ ಬಸ್ಸಿನಲ್ಲಿ ಕೊಡೆ ಕಳೆದರೂ ಕೋಳಿ ಕಳೆದರೂ ಜನ ಬರುವುದು ಕಂಟ್ರೋಲರ್ ಕಿಟಕಿಗೆ. ಆ ರೈತರೂ ಬಂದರು. ಅಷ್ಟರಲ್ಲಿ ಶಿರಸಿಗೆ ಮರಳಿದ್ದ ಅಪ್ಪಯ್ಯನಿಗೆ ಊಟದ ಡಬ್ಬಿ ಕೊಡುವುದಕ್ಕೆ ಹೋದ ನಾನು ಅಲ್ಲೇ ಇದ್ದೆ.

"ಕಂಟ್ರೋಲರ್ರೇ, ನನ್ನ ಗೇರೆಣ್ಣೆ ಡಬ್ಬಿ ಯಾರೋ ಅದಲು ಬದಲು ಮಾಡ್ಕಂಡು ಹೋಗಿದಾರೆ. ಹೊಸ ಬಾಗಿಲಿಗೆ ಬಳ್ದೆ. ಎಷ್ಟು ದಿನ ಆದ್ರೂ ಒಣಗದೇ ಇಲ್ಲ! ಈಗ ಇರುವೆ ಮುತ್ಕಂಡು ಬಾಗಿಲು ಎಲ್ಲಿದೆ ಅಂತ್ಲೇ ಕಾಣದಿಲ್ಲ. ನಿನ್ನೆ ಬಂದ ನೆಂಟರು ಕಿಟಕಿ ಹತ್ರ ನಿಂತು ಕೂಗಿದ್ರು."

ಅಪ್ಪಯ್ಯ ನಿಧಾನಕ್ಕೆ ನನ್ನ ಕಡೆ ತಿರುಗಿದ. ನಾನು ಗೋಡೆಯ ಮೇಲಿನ ಬಸ್ಸುಗಳ ವೇಳಾಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಕೊನೆಗೆ ಮನೆಯಿಂದ ಗೇರೆಣ್ಣೆ ತಂದುಕೊಟ್ಟು ಕೈ ಮುಗಿದೆ. ಅವರು ದೊಡ್ಡ ಮನುಷ್ಯರು, ನಕ್ಕರು, ಉಳಿದ ಬೆಲ್ಲವನ್ನು ವಾಪಸ್ ಕೊಟ್ಟರು. ಹೊರಟವರು ನಿಂತು, "ತಮ್ಮಾ, ಡಬ್ಬೀಲಿ ಉಳಿದದ್ದು ಕೊಟ್ಟೀನಿ. ಬಾಗಿಲಲ್ಲಿ ಇರದನ್ನ ನೀನೇ ಬಂದು ನೆಕ್ಕಂಡು ಹೋಗು" ಅಂದರು.

ಪ್ರಯಾಣಿಕರ ಗಮನಕ್ಕೆ

ಅಂತೂ ಟೈಮ್ ಟೇಬಲ್ಲಿನ ಕೊನೆಯ ಸಾಲಿಗೆ ಬಂದೆವು. ನಾಳೆ ಆಯಿ ಬರುತ್ತಾಳೆ, ಅಕ್ಕ ಮತ್ತು ಕೂಸು ಜೊತೆಗೆ. ಕೊನೆಯ ಸಾಲಿನಲ್ಲಿ ಅಪ್ಪಯ್ಯ ಕೆಂಪು ಶಾಯಿಯಲ್ಲಿ 'ಪಾಯಸ' ಅಂತ ಬರೆದಿದ್ದ. ಒಂದೂವರೆ ತಿಂಗಳು ಮನೆಯ ಬಸ್ಸು ಕೆಟ್ಟು ನಿಲ್ಲಲಿಲ್ಲ, ಆಯಿ ನಡುವೆ ಎದ್ದು ಬರಲಿಲ್ಲ, ಅಕ್ಕ ಅಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಿದಳು. ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಉಳಿದದ್ದು ಎರಡೇ ಕೆಲಸ: ಪಾಯಸಕ್ಕೆ ಒಂದು ರಿಹರ್ಸಲ್, ಮತ್ತೆ ಉಳಿದ ಮೊಗೆಕಾಯಿಗಳನ್ನು ಆಯಿಯ ಕಣ್ಣಿಗೆ ಬೀಳದ ಹಾಗೆ ಮಾಡುವುದು. ಎರಡನ್ನೂ ಒಟ್ಟಿಗೆ ಮುಗಿಸೋಣ ಅಂತ ಮೊಗೆಕಾಯಿ ತುರಿದು ಪಾಯಸಕ್ಕೆ ಇಟ್ಟೆ. ತಳ ಹಿಡಿಯಿತು. ಗಾಬರಿಯಾಗಿ ಬಸ್ ಸ್ಟ್ಯಾಂಡಿಗೆ ಫೋನು ಮಾಡಿದೆ.

ಅಪ್ಪಯ್ಯನದು ಒಂದು ಅಭ್ಯಾಸ. ಬಸ್ಸುಗಳ ಗಲಾಟೆಯಲ್ಲಿ ಆ ಕಡೆಯವರು ಹೇಳಿದ್ದನ್ನೆಲ್ಲ ತಾನೊಮ್ಮೆ ಜೋರಾಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಅವತ್ತು ಅವನು ಹುಬ್ಬಳ್ಳಿ ಬಸ್ಸು ಕೂಗಿ ಮುಗಿಸಿ, ಮೈಕು ಆರಿಸುವ ಮೊದಲೇ ನನ್ನ ಫೋನು ಎತ್ತಿದ್ದ. ಮುಂದಿನದನ್ನು ಇಡೀ ಬಸ್ ಸ್ಟ್ಯಾಂಡು ಕೇಳಿತು.

"ಎಂತದಾ? ಪಾಯಸ ತಳ ಹಿಡತ್ತಾ?"

ಹಣ್ಣಿನವರು, ಹೂವಿನವರು, ಹುಬ್ಬಳ್ಳಿಗೆ ಹೊರಟವರು, ಎಲ್ಲ ಸ್ಪೀಕರಿನ ಕಡೆ ಮುಖ ಎತ್ತಿದರು.

"ಆಯಿಗೆ ಹೇಳಡ! ಆಯಿ ನಾಳೆ ಬಪ್ಪುದರ ಒಳಗೆ ಪಾತ್ರೆ ತಿಕ್ಕಿ ಇಡು. ಎಂತ? ಅಜ್ಜಿಗೆ ಹೇಳಿದ್ಯಾ? ಮತ್ತೆ ಮೊಗೆಕಾಯಿ? ಮೊಗೆಕಾಯಿ ಮುಗದ್ದಾ? ಹಾಂ? ಮಂಚದ ಅಡಿಗೆ ದಬ್ಬು!"

ಆಮೇಲೆ ಫೋನಿನಲ್ಲಿ ಅಪ್ಪಯ್ಯನ ಮಾತು ನಿಂತುಹೋಯಿತು. ನಾನು "ಹಲೋ, ಹಲೋ" ಅಂದೆ. ಯಾರೋ ನಗುವುದು ಕೇಳಿತು. ಒಂದು ಕೂಸು ಅಳುವುದು ಕೇಳಿತು. ಆ ಅಳು ನನಗೆ ಗುರುತಿತ್ತು.

ಯಲ್ಲಾಪುರದ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಮರುದಿನ ದಿನ ಚೆನ್ನಾಗಿಲ್ಲ ಅಂತ ಅಕ್ಕನ ಅತ್ತೆ ಪಂಚಾಂಗ ನೋಡಿ ಒಂದು ದಿನ ಮುಂಚೆಯೇ ಹೊರಡಿಸಿದ್ದರು. ಆಯಿ ಬಸ್ಸಿನಿಂದ ಕೆಳಗೆ ಒಂದು ಕಾಲು ಇಟ್ಟಿದ್ದಳಂತೆ, ಇನ್ನೊಂದು ಕಾಲು ಮೆಟ್ಟಿಲ ಮೇಲೆ ಇರುವಾಗಲೇ ತಲೆಯ ಮೇಲಿಂದ ಗಂಡನ ದನಿ, 'ಆಯಿಗೆ ಹೇಳಡ!' ಅವಳು ಸೀದಾ ಕಂಟ್ರೋಲರ್ ಕೋಣೆಗೆ ನಡೆದು ಬಂದು, ಅಪ್ಪಯ್ಯ ಎದ್ದು ನಿಂತದ್ದನ್ನೂ ಲೆಕ್ಕಿಸದೆ, ಮೈಕಿನ ಮುಂದೆ ಬಾಗಿದಳು. ಫೋನಿನಲ್ಲಿ ನನಗೂ ಸ್ಪಷ್ಟವಾಗಿ ಕೇಳಿತು:

"ಪ್ರಯಾಣಿಕರ ಗಮನಕ್ಕೆ. ಯಲ್ಲಾಪುರದಿಂದ ನಾಳೆ ಬರಬೇಕಾದ ಆಯಿ ಇವತ್ತೇ ಬಂದು ನಿಂತಿದ್ದು. ಇಸಳೂರಿನ ಮಾಣಿ ಮಂಚದ ಅಡಿಂದ ಮೊಗೆಕಾಯಿ ಹೊರಗೆ ತೆಗೆಯತಕ್ಕದ್ದು."

ಬಸ್ ಸ್ಟ್ಯಾಂಡಿನಲ್ಲಿ ಸಿಳ್ಳೆಯಂತೆ, ಚಪ್ಪಾಳೆಯಂತೆ. ಹುಬ್ಬಳ್ಳಿ ಬಸ್ಸಿನ ಡ್ರೈವರು ಹಾರನ್ ಬೇರೆ ಹೊಡೆದನಂತೆ.

ಮನೆಗೆ ಬಂದು ಆಯಿ ಕಾಲು ತೊಳೆದು ನೇರ ಅಡಿಗೆಮನೆಗೆ ನಡೆದಳು. ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು, ಹಾಕಿದಳು. ಕಾವಲಿಯ ಮೇಲೆ ಬೆರಳು ಎಳೆದಳು. ಆಮೇಲೆ ಚಾಪೆ ಹಾಕಿಕೊಂಡು ಕೂತು, "ಬಡಿಸು" ಅಂದಳು. ನಾನು ತಳ ಹಿಡಿದ ಪಾಯಸ ಬಡಿಸಿದೆ. ಅವಳು ಒಂದು ಬಟ್ಟಲು ಕುಡಿದಳು. ಬಟ್ಟಲು ಮತ್ತೆ ಮುಂದೆ ಚಾಚಿದಳು.

"ಅಡಿ ಹಿಡಿದ್ದು," ಅಂದೆ ನಾನು.

"ಹಿಡಿಯಲಿ. ಮನೆ ಹಿಡಿದವ ನೀನು," ಅಂದಳು. ಅಕ್ಕ ಕೂಸನ್ನು ತಂದು ಮೊದಲು ನನ್ನ ತೊಡೆಯ ಮೇಲೇ ಮಲಗಿಸಿದಳು. ಅಪ್ಪಯ್ಯ ಟೈಮ್ ಟೇಬಲ್ಲಿನ ಕೆಳಗೆ 'ಸರಿಯಾದ ಸಮಯಕ್ಕೆ ತಲುಪಿದೆ' ಅಂತ ಬರೆದು ಸಹಿ ಹಾಕಿದ. ಅಜ್ಜಿ ಮಾತ್ರ, "ಎಂಟು ದಿನ ಹೇಳಿ ಆನು ಹೇಳಿದ್ದೇ ಇಲ್ಲೆ. ಎಂಟು ವಾರ ಹೇಳಿದ್ದೆ" ಅಂತ ಹೊಸ ಭವಿಷ್ಯ ತೆಗೆದಳು. ನಾನು ಆ ಹೊತ್ತು ಯಾರ ಮಾತನ್ನೂ ತಿದ್ದುವ ಸ್ಥಿತಿಯಲ್ಲಿರಲಿಲ್ಲ. ಗಣಿತದಲ್ಲಿ ರ‍್ಯಾಂಕ್ ಬಂದವರಿಗೂ ಅಂಥ ಹೊತ್ತು ಸಿಗಲಿಕ್ಕಿಲ್ಲ. ಉಳಿದಿದ್ದ ಮೊಗೆಕಾಯಿಗಳನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿ, "ಇನ್ನು ಈ ಮನೆಯಲ್ಲಿ ಅದರ ಹೆಸರು ಎತ್ತಡಿ" ಅಂತ ಆಯಿ ಅಪ್ಪಣೆ ಹೊರಡಿಸಿದಳು.

ಬೆಳಿಗ್ಗೆ ಮೊದಲ ಟ್ರಿಪ್ ತೆಳ್ಳೇವು ಕಾವಲಿಗೆ ಬಿದ್ದಿತ್ತು, ಅಷ್ಟೇ. ಬಾಗಿಲಲ್ಲಿ ಆಟೋ ಬಂದು ನಿಂತಿತು. ಡ್ರೈವರ್, "ಬಸ್ ಸ್ಟ್ಯಾಂಡಿಂದ ಕಳಿಸ್ಯಾರ್ರಿ" ಅನ್ನುತ್ತ ಹಿಂದಿನಿಂದ ಒಂದು ಚೀಲ ಇಳಿಸಿದ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

ಹಿಂದಿನ ದಿನ ಅಪ್ಪಯ್ಯ ಮೈಕಿನಲ್ಲಿ, "ಮೊಗೆಕಾಯಿ ಮುಗದ್ದಾ?" ಅಂತ ಕೂಗಿದಾಗ ನಿಲ್ಕುಂದದ ಕಡೆ ಹೋಗುವ ಆ ಮೂವರು ಕಂಡಕ್ಟರು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರಂತೆ. ಸಾಹೇಬರ ಮನೆಯಲ್ಲಿ ಮೊಗೆಕಾಯಿ ಮುಗಿದುಹೋಗಿದೆ ಅಂತ ಅರ್ಥ ಮಾಡಿಕೊಂಡು, ಮುಂದಿನ ಮಾತಿಗೆ ಕಾಯದೆ ಮೂವರೂ ತಮ್ಮ ತಮ್ಮ ಬಸ್ಸಿಗೆ ಓಡಿದರು. ಮೂವರೂ ಬೇರೆಬೇರೆಯಾಗಿ ಮಾವನಿಗೆ ಸುದ್ದಿ ಮುಟ್ಟಿಸಿದರು.

ಮೂವರೂ ಮರೆಯಲಿಲ್ಲ.